ಮಂಡಕ್ಕಿ ತುಂಬಿದ ಪೆಟ್ಟಿಗೆ

ಸಹೃದಯರೂ ಸಹನಶೀಲರೂ ಆದ ವಾಚಕ ಮಹಾಶಯರಲ್ಲಿ ಈ ಲೇಖಕನ ವಿನಮ್ರ ಅರಿಕೆ. ಮುಂದೆ ನಿರೂಪಿಸಲಾಗುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಕಳುವಿಲ್ಲ, ಮುಸುಕುಧಾರಿಯಾದ ಆಗಂತುಕನೂ ಇಲ್ಲ. ಆದರೂ ಒಂದು ಸುಳಿವು ಉಂಟು, ಒಂದು ತಪ್ಪೊಪ್ಪಿಗೆ ಉಂಟು, ಒಬ್ಬ ಹೆಂಗಸಿನ ಪ್ರಾಣದ ಪ್ರಶ್ನೆಯೂ ಉಂಟು. ಆ ಸುಳಿವು ಒಂದು ಮಂಡಕ್ಕಿ ಕಾಳು ಎಂಬುದನ್ನು ಮೊದಲೇ ತಿಳಿಸಿಬಿಡುವುದು ಪ್ರಾಮಾಣಿಕತೆಯ ಲಕ್ಷಣವೆಂದು ಭಾವಿಸಿ, ತಮ್ಮ ಅನುಮತಿಯೊಂದಿಗೆ ಕಥೆಯನ್ನು ಪ್ರವೇಶಿಸುತ್ತೇನೆ.

ದಾವಣಗೆರೆಯ ಸರಸ್ವತಿ ನಗರದಲ್ಲಿ ಎರಡು ಅಂತಸ್ತಿನ ಒಂದು ಕಟ್ಟಡ. ಅದರ ಮೇಲ್ಮಹಡಿಯಲ್ಲಿ ಡಾಕ್ಟರ್ ಅಂಬಿಕಾಳ ಪ್ರಯೋಗಾಲಯ. ಡಾಕ್ಟರ್ ಎಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಪಡೆದ ಡಾಕ್ಟರು. ಅವಳ ವಿದ್ಯೆಯನ್ನು ನಾಲ್ಕು ಜನರ ಮಾತಿನಲ್ಲಿ ಹೇಳುವುದಾದರೆ ಹೀಗೆ. ನಮ್ಮ ರಕ್ತದಲ್ಲಿ ಕಾವಲು ಕಾಯುವ ಜೀವಕೋಶಗಳಿವೆ. ಶತ್ರು ಎದುರಾದಾಗ ಕೋಶದ ಹೊರಗೋಡೆಯ ಮೇಲಿನ ಕರೆಗಂಟೆಯಂಥ ಅಣುವೊಂದು ಅಲುಗುತ್ತದೆ. ಅದು ಒಳಗಿರುವ ಇನ್ನೊಂದು ಅಣುವನ್ನು ತಟ್ಟಿ ಎಬ್ಬಿಸುತ್ತದೆ, ಆ ಅಣು ಮತ್ತೊಂದನ್ನು. ಹೀಗೆ ಕೈಯಿಂದ ಕೈಗೆ ದಾಟಿದ ಸುದ್ದಿ ಕೋಶದ ನಡುಮನೆ ಮುಟ್ಟಿದಾಗ ಕಾವಲುಗಾರ ಕೋಲು ಹಿಡಿದು ಏಳುತ್ತಾನೆ. ಅಂಬಿಕಾಳ ತಂದೆ ಬೋರಣ್ಣ ಗುತ್ತೂರಿನ ಬಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ಕೂತವನು. ಮಗಳು ಇದನ್ನೆಲ್ಲ ವಿವರಿಸಿದಾಗ ಅವನು ಬೀಡಿ ಆರಿಸಿ ಕೇಳಿದ್ದ: "ಅಂದ್ರೆ ಗೇಟಿನ್ಯಾಗ ನಾನು ಸೀಟಿ ಊದಿದ್ರೆ ಒಳಗೆ ಮ್ಯಾನೇಜರು ಕುರ್ಚಿ ಬಿಟ್ಟು ಏಳಬೇಕು. ನಡುವಿನೋರು ನಿದ್ದಿ ಹೊಡಿಬಾರ್ದು. ಇಷ್ಟು ತಿಳ್ಕಳಾಕ ಹನ್ನೊಂದು ವರ್ಷ ಓದಿದ್ಯಾ?"

ನಡುವಿನವರು ನಿದ್ದೆ ಹೊಡೆಯುವುದೇ ಅವಳ ಸಮಸ್ಯೆಯಾಗಿತ್ತು. ಕ್ಯಾನ್ಸರ್ ಗಡ್ಡೆ ಬಲು ಕಿಲಾಡಿ. ಅದು ಕಾವಲುಗಾರನ ಹೆಗಲ ಮೇಲೆ ಕೈಹಾಕಿ, ತಾನೂ ಮನೆಯವನೇ ಎಂದು ನಂಬಿಸಿ ಕೂರಿಸಿಬಿಡುತ್ತದೆ. ಆ ಕೈಯನ್ನು ಕಿತ್ತೆಸೆಯುವ ಔಷಧಿಗಳು ಬಂದಿವೆ. ಆದರೆ ಕೈ ಕಿತ್ತ ಮೇಲೂ ಏಳಲಾರದಷ್ಟು ಕಾವಲುಗಾರ ದಣಿದಿದ್ದರೆ ಔಷಧಿಯಿಂದ ಉಪಯೋಗವಿಲ್ಲ, ಉಪದ್ರವ ಮಾತ್ರ ಉಳಿಯುತ್ತದೆ. ಹಾಗಾಗಿ ಯಾರ ಕಾವಲುಗಾರ ಇನ್ನೂ ಏಳಬಲ್ಲ ಎಂಬುದನ್ನು ಮೊದಲೇ ಕಂಡುಹಿಡಿಯುವ ಪರೀಕ್ಷೆಯೊಂದನ್ನು ಅಂಬಿಕಾ ಎರಡು ವರ್ಷದಲ್ಲಿ ಕಟ್ಟಿದ್ದಳು. ರೋಗಿಯ ಕೋಶಗಳ ಕರೆಗಂಟೆಯನ್ನು ಬಾರಿಸುವುದು. ಒಳಗೆ ಸುದ್ದಿ ಹರಿದರೆ ಮಿನುಗುವಂಥ ಬಣ್ಣ ಸೇರಿಸುವುದು. ಮಿನುಗಿದವನ್ನು ಯಂತ್ರದಲ್ಲಿ ಎಣಿಸುವುದು.

ರಕ್ತ ಎರಡು ಕಡೆಯಿಂದ ಬರುತ್ತಿತ್ತು: ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯಿಂದ, ಹರಿಹರದ ಒಂದು ಸಣ್ಣ ಕ್ಲಿನಿಕ್ಕಿನಿಂದ. ಎಲ್ಲರದೂ ಬಾಯಿ ಕ್ಯಾನ್ಸರ್. ಹರಿಹರದ ಹತ್ತೊಂಬತ್ತು ಜನರಲ್ಲಿ ಹದಿನಾಲ್ವರ ಕೋಶಗಳು ಗಂಟೆಗೆ ಓಗೊಟ್ಟಿದ್ದವು. ದಾವಣಗೆರೆಯ ಇಪ್ಪತ್ತೆರಡು ಜನರಲ್ಲಿ ಇಬ್ಬರದು ಮಾತ್ರ. ಹರಿಹರದವರು ಕಾಯಿಲೆಯ ಆರಂಭದಲ್ಲೇ ಬರುತ್ತಾರೆ, ದೊಡ್ಡ ಆಸ್ಪತ್ರೆಗೆ ಬರುವವರು ಸುತ್ತಲ ಹಳ್ಳಿಗಳಿಂದ ಕೈಮೀರಿದ ಮೇಲೆ ಬರುತ್ತಾರೆ ಎಂದು ಅಂಬಿಕಾ ಕಾರಣ ಬರೆದಿದ್ದಳು. ಕಾರಣ ಅಚ್ಚುಕಟ್ಟಾಗಿತ್ತು. ಪ್ರಬಂಧ ಅಚ್ಚಿಗೆ ಒಪ್ಪಿತವಾಗಿತ್ತು. ಹೊಸ ಔಷಧಿಯ ಪ್ರಯೋಗಕ್ಕೆ ಯಾರನ್ನು ಸೇರಿಸಬೇಕೆಂಬ ಪಟ್ಟಿ ಅವಳ ಪರೀಕ್ಷೆಯ ಆಧಾರದ ಮೇಲೆ ಶುಕ್ರವಾರ ಹೋಗಬೇಕಿತ್ತು. ಓಗೊಡದವರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳನ್ನು ಮೈಲಮ್ಮ ಅಡ್ಡಗಟ್ಟಿದಳು. ಮಾಯಕೊಂಡದವಳು, ಐವತ್ತೆರಡರ ಪ್ರಾಯ. ಎಲೆ, ಅಡಿಕೆ, ಹೊಗೆಸೊಪ್ಪು ಮೂವತ್ತು ವರ್ಷ ಅವಳ ಬಲಗೆನ್ನೆಯಲ್ಲಿ ಸಂಸಾರ ಹೂಡಿದ್ದವು. ಕೆನ್ನೆಯ ಹುಣ್ಣನ್ನು ಒಮ್ಮೆ ಕೊಯ್ದು ತೆಗೆದಿದ್ದರು. ಅದು ಮತ್ತೆ ತಲೆಯೆತ್ತಿತ್ತು.

"ಡಾಕ್ಟ್ರವ್ವ, ಆವತ್ತು ಒಂದು ಶೀಸೆ ರಗತ ತಗಂಡ್ರಲ್ಲ, ಅದೇನಂತು?"

"ಇನ್ನೂ ಏನೂ ಅಂದಿಲ್ಲ ಮೈಲಮ್ಮಾರೆ."

"ಮೂರು ವಾರಾತು. ಇಷ್ಟೊತ್ತು ಸುಮ್ನಿರೋ ಚಾಳಿ ನನ್ನ ರಗತಕ್ಕಿಲ್ಲ. ಬೇಕಾರೆ ಮಾಯಕೊಂಡದಾಗ ಕೇಳ್ರಿ, ಬಾಯಾಗ ನನ್ನ ಗೆದ್ದೋರಿಲ್ಲ." ನಗಲು ಹೋಗಿ ಕೆನ್ನೆ ನೊಂದು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸುಳ್ಳು ಹೇಳಬ್ಯಾಡ್ರಿ ಮತ್ತೆ. ಇಲ್ಲ ಅಂದ್ರೆ ಇಲ್ಲ ಅನ್ರಿ. ಹೊಲ ಬಿತ್ತಾದು ಐತೆ, ನಾನು ಊರಿಗೆ ಹೋಗ್ತೀನಿ."

ಉತ್ತರ ಅಂಬಿಕಾಳ ಚೀಲದಲ್ಲೇ ಇತ್ತು. ಇಲ್ಲ ಎಂಬುದೇ ಆ ಉತ್ತರ. ಶುಕ್ರವಾರ ತಿಳಿಸುವುದಾಗಿ ಹೇಳಿ ಅವಳು ಮೆಟ್ಟಿಲಿಳಿದಳು.

ಅಂದು ಮಧ್ಯಾಹ್ನ ಎರಡು ಗಂಟೆಗೆ, ಎಂದಿನಂತೆ, ಹರಿಹರದ ಪೆಟ್ಟಿಗೆ ಬಂತು. ಅದನ್ನು ಬಸ್ಸಿನಲ್ಲಿ ತರುವವನು ಉಜ್ಜನಪ್ಪ. ವಯಸ್ಸು ಐವತ್ತೇಳು, ಮನೆ ಗುತ್ತೂರಿನಲ್ಲಿ. ಪ್ರಯೋಗಾಲಯದ ಸಹಾಯಕನಾಗುವ ಮೊದಲು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಕಾದ ಮರಳಿನಲ್ಲಿ ಅಕ್ಕಿ ಹುರಿದವನು. ಮೇಲ್ಮಹಡಿಯ ಬಾಗಿಲಲ್ಲಿ ನಿಂತು, ರಕ್ತದ ಕೊಳವೆಗಳಿರುವ ಸ್ಟ್ಯಾಂಡನ್ನಷ್ಟೇ ಒಳಗೆ ಕೊಡುವುದು ಅವನ ರೂಢಿ. ಪೆಟ್ಟಿಗೆಯನ್ನು ತೊಳೆಯಬೇಕೆಂದು ಕೆಳಗೇ ಬಿಟ್ಟು ಬರುತ್ತಿದ್ದ.

ಸ್ಟ್ಯಾಂಡನ್ನು ತೆಗೆದುಕೊಂಡವಳು ಸಿಮ್ರಾನ್, ಅಂಬಿಕಾಳ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ. ಒಂದು ಕೊಳವೆಯ ಹೆಸರಿನ ಚೀಟಿಗೆ ಏನೋ ಬೆಳ್ಳಗಿನದು ಅಂಟಿಕೊಂಡಿತ್ತು. ಅವಳು ಅದನ್ನು ಚಿಮಟಿಗೆಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಮೇಡಂ, ಮಂಡಕ್ಕಿ. ಒಂದು ಮಿರ್ಚಿ ಕಮ್ಮಿ ಐತೆ, ಅಷ್ಟೇ."

ಅಂಬಿಕಾಳಿಗೆ ನಗು ಬರಲಿಲ್ಲ. ಬೆಳಗಿನ ಮೈಲಮ್ಮನ ಮಾತು ಇನ್ನೂ ಚುಚ್ಚುತ್ತಿತ್ತು. "ಉಜ್ಜನಪ್ಪಾರೆ, ರೋಗಿಗಳ ರಕ್ತ ಇಡೋ ಪೆಟ್ಟಿಗೆಯಲ್ಲಿ ತಿಂಡಿ ಇಟ್ಕೊಂಡು ತಿಂತೀರಾ?"

ಉಜ್ಜನಪ್ಪನ ಮುಖ ಕಪ್ಪಿಟ್ಟಿತು. ತಲೆಗೆ ಸುತ್ತಿದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ದೊಡ್ಡ ಆಪಾದನೆ ಎದುರಿಗೆ ಬಂದು ನಿಂತಾಗ ಸಣ್ಣ ತಪ್ಪನ್ನು ಒಪ್ಪಿಕೊಳ್ಳುವುದೇ ಮಾನವಂತರಿಗೆ ಸುಲಭವಾಗಿ ಕಾಣುತ್ತದೆ.

"ರಗತದ ಪೆಟ್ಟಿಗ್ಯಾಗ ಇಟ್ಕಂಡು ತಿನ್ನೋ ಅಷ್ಟು ಕೆಟ್ಟಿಲ್ರಿ ನಾನು. ಅದು ತಿನ್ನಾಕಲ್ಲ. ಶೀಸೆ ಹುಗಿಯಾಕೆ."

"ಹುಗಿಯೋಕೆ?"

"ಪೆಟ್ಟಿಗಿ ತುಂಬ ಮಂಡಕ್ಕಿ ಹಾಕಿ, ನಡುವೆ ಶೀಸೆ ನಿಲ್ಲಿಸ್ತೀನಿ. ಬಸ್ಸು ಎಷ್ಟು ಕುಣುದ್ರೂ ಅಲುಗಾಡಂಗಿಲ್ಲ. ಕಾಯಂಗಿಲ್ಲ, ತಣ್ಣಗೂ ಆಗಂಗಿಲ್ಲ. ಕೆಳಗೆ ಬಂದು ಮಂಡಕ್ಕಿ ಚೀಲಕ್ಕೆ ಸುರುವಿ, ನಿಮಗೆ ಸ್ಟ್ಯಾಂಡು ತಂದು ಕೊಡ್ತೀನಿ."

"ಐಸು ಎಲ್ಲಿ?" ಅಂಬಿಕಾ ನಿಧಾನವಾಗಿ ಕೇಳಿದಳು. "ಕ್ಲಿನಿಕ್ಕಿನಲ್ಲಿ ಐಸು ತುಂಬಿ ಕಳಿಸ್ತಾರಲ್ಲ. ನೀವು ಸಹಿನೂ ಹಾಕ್ತೀರಿ."

"ಸಹಿ ಹಾಕೋವಾಗ ಐಸು ಇರ್ತೈತ್ರಿ. ಸುಳ್ಳು ಸಹಿ ಅಲ್ಲ." ಅವನು ನೆಲ ನೋಡಿದ. "ಆಮೇಲೆ ಬಸ್ ಸ್ಟ್ಯಾಂಡಿನ ಹತ್ರ ರಶೀದಾಗೆ ಕೊಟ್ಬಿಡ್ತೀನಿ. ಹೊಳೆ ಮೀನು ಮಾರ್ತಾಳೆ."

"ಮೀನಿಗಾ?"

"ಮೀನು ಸತ್ತಿರ್ತಾವಲ್ರಿ."

ಸಿಮ್ರಾನ್ ನಗು ಮರೆಸಲು ಗೋಡೆಯ ಕಡೆ ತಿರುಗಿದಳು. ಅಂಬಿಕಾ ಮಾತ್ರ ಅವನನ್ನೇ ನೋಡುತ್ತ ನಿಂತಳು.

"ಸತ್ತೋರಿಗೆ ಹಾಕೋದು ಮೇಡಮ್ನೋರೆ ಐಸು," ಎಂದ ಉಜ್ಜನಪ್ಪ. "ನನ್ನ ಹೆಂಡ್ತಿ ಅಂಜಿನವ್ವ ಹೋದಾಗ ಬ್ಯಾಸಿಗಿ. ಬಾಣಂತಿ ಮಗಳು ಬರೋತನ ಒಂದೂವರೆ ದಿನ ಅವಳನ್ನ ಐಸಿನ ಪೆಟ್ಟಿಗ್ಯಾಗ ಮಲಗಿಸಿ ಪಕ್ಕದಾಗ ಕುಂತಿದ್ದೆ. ಗ್ಲಾಸಿನ ಮ್ಯಾಲೆ ಕೈ ಇಟ್ಟು ನೋಡೀನಿ. ಅದಾಗಿ ತಿಂಗಳಿಗೆ ನೀವು ಈ ಪೆಟ್ಟಿಗಿ ಕೊಟ್ರಿ. ರಗತ ಕೊಟ್ಟೋರು ಜೀವಂತ ಅದಾರೆ, ಮನ್ಯಾಗ ರೊಟ್ಟಿ ಬಡೀತಿರ್ತಾರೆ. ಅವರ ರಗತ ಐಸಿನ್ಯಾಗ ಹೆಂಗ್ರಿ ಇಡಾದು? ನನ್ನ ಕೈಲಿ ಆಗ್ಲಿಲ್ಲ."

"ಯಾವಾಗಿಂದ?"

"ಮೊದಲಿಂದ."

ಹತ್ತೊಂಬತ್ತು ಜನರ ರಕ್ತವೂ ಮಂಡಕ್ಕಿಯೊಳಗೆ ಕೂತೇ ಬಂದಿತ್ತು. ಅಂಬಿಕಾ ಅವನನ್ನು ಮನೆಗೆ ಕಳಿಸಿ, ಕುರ್ಚಿ ಎಳೆದುಕೊಂಡು ಕಿಟಕಿಯ ಬಳಿ ಕೂತಳು.

ಐಸಿನ ನಿಯಮ ಅವಳದೇ. ತಾನು ತರಬೇತಿ ಪಡೆದ ದೊಡ್ಡ ಪ್ರಯೋಗಾಲಯದಿಂದ ತಂದದ್ದು. ರಕ್ತ ತೆಗೆದೊಡನೆ ತಣ್ಣಗಾಗಿಸಿದರೆ ಕೋಶದೊಳಗಿನ ಸುದ್ದಿ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ, ಪರೀಕ್ಷೆಯನ್ನು ಕಲಕುವುದಿಲ್ಲ ಎಂಬುದು ಅದರ ತರ್ಕ. ಆದರೆ ಅಲ್ಲಿ ಆಸ್ಪತ್ರೆಯೂ ಪ್ರಯೋಗಾಲಯವೂ ಒಂದೇ ಮೊಗಸಾಲೆಯ ಎರಡು ತುದಿಯಲ್ಲಿದ್ದವು. ಐಸಿನ ವಾಸ ಹತ್ತು ನಿಮಿಷದ್ದು. ಇಲ್ಲಿ ದಾವಣಗೆರೆಯ ರಕ್ತವನ್ನು ಬೆಳಿಗ್ಗೆ ಒಂಬತ್ತಕ್ಕೆ ತೆಗೆದು, ಎರಡೂ ಊರಿನದನ್ನು ಒಟ್ಟಿಗೆ ನೋಡುವುದೇ ನ್ಯಾಯವೆಂದು, ಹರಿಹರದ ಪೆಟ್ಟಿಗೆ ಬರುವತನಕ ಐಸಿನಲ್ಲಿ ಇಟ್ಟಿರುತ್ತಿದ್ದಳು. ಐದು ಗಂಟೆ. ನಿಯಮವನ್ನು ಹೊತ್ತು ತಂದವಳು ಅದರ ಹತ್ತು ನಿಮಿಷವನ್ನು ಅಲ್ಲೇ ಬಿಟ್ಟು ಬಂದಿದ್ದಳು. ಹೋಲಿಕೆಗೆ ಬಳಸುತ್ತಿದ್ದ ಆರೋಗ್ಯವಂತರ ರಕ್ತವೂ ಅವಳನ್ನು ಎಚ್ಚರಿಸಲಿಲ್ಲ. ಅದನ್ನು ಅಲ್ಲೇ ಬೆಂಚಿನ ಪಕ್ಕದಲ್ಲಿ ತೆಗೆದು ಕೂಡಲೇ ಪರೀಕ್ಷಿಸುತ್ತಿದ್ದರು.

ಹಾಗಾದರೆ ಎರಡು ಊರಿನ ನಡುವೆ ಕಂಡ ವ್ಯತ್ಯಾಸ ಕಾಯಿಲೆಯದೋ, ಐಸಿನದೋ?

ಮೇಜಿನ ಮೇಲೆ ಆ ಕಾಳು ಬಿದ್ದಿತ್ತು. ಉಸಿರು ಬಿಟ್ಟರೆ ಹಾರಿಹೋಗುವಂಥದ್ದು. ಅದನ್ನು ಕಸದ ಬುಟ್ಟಿಗೆ ಒರೆಸಿ ಹಾಕಿದರೆ ಪ್ರಬಂಧ ಅಚ್ಚಾಗುತ್ತದೆ, ಶುಕ್ರವಾರ ಪಟ್ಟಿ ಹೋಗುತ್ತದೆ, ಉಜ್ಜನಪ್ಪನ ಕೆಲಸ ಉಳಿಯುತ್ತದೆ. ಅವಳ ಮನಸ್ಸು ಆ ದಾರಿಯಲ್ಲಿ ಒಂದು ಸುತ್ತು ನಡೆದು ಬಂದಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮುಂದೆಯೂ ಹೋಗುತ್ತಿತ್ತೇನೋ, ಆದರೆ ಆ ದಾರಿಯ ಕೊನೆಯಲ್ಲಿ ಮೈಲಮ್ಮ ಸೆರಗಿನಿಂದ ಕೆನ್ನೆ ಒತ್ತಿಕೊಂಡು ನಿಂತಿದ್ದಳು. ಅಂಬಿಕಾ ಕಾಳನ್ನು ಎತ್ತಿ ಒಂದು ಸಣ್ಣ ಸೀಸೆಗೆ ಹಾಕಿ, ಮೇಲೆ ತಾರೀಖು ಬರೆದಳು.

ಮಂಗಳವಾರ ಬೆಳಿಗ್ಗೆ ಉಜ್ಜನಪ್ಪ ಬಂದಾಗ ಅವಳು ಬಯ್ಯಲಿಲ್ಲ. "ಒಂದು ಸೇರು ಮಂಡಕ್ಕಿ ತರ್ರಿ" ಎಂದಳು. ಅವನು ತಬ್ಬಿಬ್ಬಾಗಿ ಸಿಮ್ರಾನಳ ಮುಖ ನೋಡಿದ. "ಖಾರ ಹಾಕಿಸ್ಬ್ಯಾಡ್ರಿ ಮತ್ತೆ" ಎಂದಳು ಅವಳು.

ಒಂಬತ್ತು ಗಂಟೆಗೆ ಸಿಮ್ರಾನ್ ಅಂಬಿಕಾಳ ತೋಳಿನಿಂದಲೇ ಎರಡು ಕೊಳವೆ ರಕ್ತ ತೆಗೆದಳು. ಒಂದನ್ನು ಐಸಿನಲ್ಲಿಟ್ಟರು. ಇನ್ನೊಂದನ್ನು ಉಜ್ಜನಪ್ಪ ತನ್ನ ಕೈಯಾರೆ ಮಂಡಕ್ಕಿಯಲ್ಲಿ ಹುಗಿದ, ಮಗುವಿಗೆ ಕುತ್ತಿಗೆಯವರೆಗೆ ಹೊದಿಸಿದಂತೆ. ಎರಡು ಗಂಟೆಗೆ ಎರಡನ್ನೂ ಹೊರತೆಗೆದು ಕೋಶಗಳ ಕರೆಗಂಟೆ ಬಾರಿಸಿದರು. ಸಂಜೆ ನಾಲ್ಕೂವರೆಗೆ ಯಂತ್ರದ ಪರದೆಯ ಮೇಲೆ ಎಣಿಕೆಯ ನಕ್ಷೆಯಲ್ಲಿ ಎರಡು ಗುಡ್ಡಗಳು ಮೂಡಿದವು. ಮಂಡಕ್ಕಿಯಿಂದ ಬಂದ ಕೋಶಗಳು ಎಣ್ಣೆ ಹಾಕಿದ ದೀಪದಂತೆ ಮಿನುಗಿದವು. ಐಸಿನಿಂದ ಬಂದವು ದಾವಣಗೆರೆಯ ರೋಗಿಗಳ ಕೋಶಗಳಂತೆಯೇ ಮಂಕಾಗಿ ಕೂತಿದ್ದವು. ಒಂದೇ ಹೆಂಗಸಿನ ಒಂದೇ ತೋಳಿನ ರಕ್ತ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

"ಮೇಡಂ, ಈ ಲೆಕ್ಕದಾಗ ನಿಮಗೂ ಕ್ಯಾನ್ಸರು," ಎಂದಳು ಸಿಮ್ರಾನ್. ಹೇಳಿದ ಮೇಲೆ ತಮಾಷೆ ಅವಳ ಬಾಯಲ್ಲೇ ಆರಿಹೋಯಿತು.

ಉಜ್ಜನಪ್ಪ ಬಾಗಿಲ ಬಳಿಯೇ ನಿಂತಿದ್ದ. "ನನ್ನ ಕೆಲ್ಸ ಹೋಗ್ತೈತೇನ್ರಿ?"

"ನೀವು ನಿಯಮ ಮುರಿದ್ರಿ ಅಂತ ಬರೀಬೇಕು ಉಜ್ಜನಪ್ಪಾರೆ. ನಾನು ಮಾಡಿದ ನಿಯಮ ತಪ್ಪಾಗಿತ್ತು ಅಂತಾನೂ ಬರೀತೀನಿ. ಎರಡರಲ್ಲಿ ಒಂದನ್ನು ಬಿಟ್ಟರೆ ಸುಳ್ಳಾಗುತ್ತೆ."

ಅವನು ಟವೆಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. "ನಿಮ್ಮದು ಮೊದಲು ಬರೀರಿ," ಎಂದ.

ಬುಧವಾರ ಅವಳು ಡಾಕ್ಟರ್ ಕರಿಬಸವರಾಜರ ಎದುರು ಕೂತಳು. ದೊಡ್ಡ ಆಸ್ಪತ್ರೆಯ ಕ್ಯಾನ್ಸರ್ ತಜ್ಞರು, ಔಷಧಿ ಪ್ರಯೋಗದ ಮುಖ್ಯಸ್ಥರು. ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಹುಳಿ. ಎರಡು ಗುಡ್ಡಗಳ ಚಿತ್ರವನ್ನು ಅವರು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದರು.

"ಅಲ್ಲ ಅಂಬಿಕಾ, ಎರಡು ವರ್ಷ ನೀವು ಕ್ಯಾನ್ಸರ್ ಸ್ಟಡಿ ಮಾಡಿದ್ರೋ, ಐಸು ಸ್ಟಡಿ ಮಾಡಿದ್ರೋ?"

"ಅರ್ಧ ಅರ್ಧ ಸರ್."

"ಪೇಪರು?"

"ಇವತ್ತು ಬೆಳಿಗ್ಗೆ ವಾಪಸ್ ತಗೊಂಡೆ."

ಕರಿಬಸವರಾಜರು ಕನ್ನಡಕವನ್ನು ಮೇಜಿನ ಮೇಲಿಟ್ಟರು. ಬಯ್ಯಬೇಕೆಂದು ಸಿದ್ಧಪಡಿಸಿಕೊಂಡಿದ್ದ ಮಾತಿಗೆ ಜಾಗ ಸಿಗಲಿಲ್ಲ. "ನಮ್ಮಪ್ಪ ಹತ್ತಿ ವ್ಯಾಪಾರಿ," ಎಂದರು ಕೊನೆಗೆ. "ತಕ್ಕಡಿ ಸುಳ್ಳು ಅಂತ ಗೊತ್ತಾದ್ರೆ ಅವತ್ತು ತೂಗಿದ್ದನ್ನೆಲ್ಲ ಕೆಳಗಿಳಿಸಿ ಮತ್ತೆ ತೂಗ್ತಿದ್ದ. ಗಿರಾಕಿಗಳು ಬೈಕೊಂಡು ನಿಂತಿರ್ತಿದ್ರು. ಇಪ್ಪತ್ತು ಜನರನ್ನ ಮತ್ತೆ ಕರೆಸಿ ತೂಗ್ತೀರಾ?"

"ನಾಳೆಗೆ ಎಷ್ಟು ಜನ ಬರ್ತಾರೋ ಅಷ್ಟು. ಉಳಿದವರಿಗೆ ಒಂದು ವಾರ ಕೊಡಿಸಿ ಸರ್."

"ಕೊಡಿಸ್ತೀನಿ ಅಂತ ಹೇಳಲ್ಲ. ಕೇಳ್ತೀನಿ. ಆ ನಿಮ್ಮ ಮಂಡಕ್ಕಿ ಮನುಷ್ಯನಿಗೆ ಮಾತ್ರ ಒಂದು ವಾರ್ನಿಂಗ್ ಲೆಟರ್ ಹೋಗ್ಬೇಕು. ಇವತ್ತು ಅವನು ಸರಿ, ನಾಳೆ ಇನ್ನೊಬ್ಬ ಅವಲಕ್ಕಿ ತುಂಬ್ಕೊಂಡು ಬರ್ತಾನೆ."

ಗುರುವಾರ ಬೆಳಿಗ್ಗೆ ಎಂಟು ಜನ ಬಂದರು. ಮೈಲಮ್ಮ ಮಾಯಕೊಂಡದಿಂದ ಮೊದಲ ಬಸ್ಸಿಗೆ ಬಂದು ಎಲ್ಲರಿಗಿಂತ ಮುಂದೆ ಕೂತಿದ್ದಳು. ಅಂಬಿಕಾ ಎಂಟೂ ಜನರಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು: ಹೋದ ಸಲದ ಪರೀಕ್ಷೆಯಲ್ಲಿ ತಪ್ಪಾಗಿದೆ, ತಪ್ಪು ತನ್ನದು, ಮತ್ತೆ ರಕ್ತ ಬೇಕು.

"ಹಂಗಾರೆ ನನ್ನ ರಗತ ಸುಮ್ನಿರ್ಲಿಲ್ಲ," ಎಂದಳು ಮೈಲಮ್ಮ, ತೋಳು ಚಾಚುತ್ತ. "ನೀವು ಬಾಯಿ ಕಟ್ಟಿದ್ರಿ."

"ಗೊತ್ತಿಲ್ಲ ಮೈಲಮ್ಮಾರೆ. ನಿಜವಾಗಿ ದಣಿದಿರಲೂಬಹುದು. ಅದನ್ನೇ ನೋಡ್ಬೇಕು."

ಪೆಟ್ಟಿಗೆಯನ್ನು ಎದೆಗವಚಿಕೊಂಡು ಉಜ್ಜನಪ್ಪ ಆಸ್ಪತ್ರೆಯಿಂದ ಸರಸ್ವತಿ ನಗರಕ್ಕೆ ಆಟೋದಲ್ಲಿ ಬಂದ. ಈ ಸಲ ಕೆಳಗೆ ಮಂಡಕ್ಕಿ ಸುರಿಯಲಿಲ್ಲ. ಪೆಟ್ಟಿಗೆಯನ್ನೇ ಮೇಲೆ ತಂದು, ಮುಚ್ಚಳ ತೆರೆದು, ಎಲ್ಲರೆದುರು ಇಟ್ಟ. ಸಿಮ್ರಾನ್ ಕೊಳವೆಗಳ ಹೆಸರು ತೆಗೆದು ಅಂಕಿ ಅಂಟಿಸಿದಳು. ಯಾವುದು ಯಾರದೆಂಬುದು ಅಂಬಿಕಾಳಿಗೆ ತಿಳಿಯಬಾರದು. ಆಸೆ ಕಣ್ಣಿಗೆ ಕನ್ನಡಕ ಹಾಕುತ್ತದೆ ಎಂಬುದನ್ನು ಅವಳು ಆ ವಾರ ಚೆನ್ನಾಗಿ ಕಲಿತಿದ್ದಳು.

ಸಂಜೆ ಒಂದೊಂದೇ ಅಂಕಿ ಪರದೆಯ ಮೇಲೆ ಬಂತು. ಒಂದು, ಮಿನುಗಿತು. ಎರಡು, ಇಲ್ಲ. ಮೂರು, ಮಿನುಗಿತು. ನಾಲ್ಕು, ಮಿನುಗಿತು. ಐದು, ಇಲ್ಲ. ಆರು, ಇಲ್ಲ. ಏಳು ಮಿನುಗಿತು, ಎಂಟೂ ಮಿನುಗಿತು. ಎಂಟರಲ್ಲಿ ಐದು. ಹಿಂದೆ ಇವೇ ಎಂಟು ಜನರಲ್ಲಿ ಓಗೊಟ್ಟವರು ಒಬ್ಬರೂ ಇರಲಿಲ್ಲ.

ಸಿಮ್ರಾನ್ ಮಡಿಸಿದ ಚೀಟಿಯನ್ನು ಬಿಡಿಸಿ ಬೆರಳಿಟ್ಟು ಹುಡುಕಿದಳು. "ಮೈಲಮ್ಮ, ಮಾಯಕೊಂಡ." ಬೆರಳು ಅಡ್ಡಕ್ಕೆ ಸರಿಯಿತು. "ಏಳು."

ಅಂಬಿಕಾ ಪರದೆಯ ಮೇಲಿನ ಏಳನೇ ಗುಡ್ಡವನ್ನು ಮತ್ತೊಮ್ಮೆ ನೋಡಿದಳು. ಸಾವಿರ ಸಾವಿರ ಕೋಶಗಳಲ್ಲಿ ಸುದ್ದಿ ಕೈಯಿಂದ ಕೈಗೆ ದಾಟಿ ನಡುಮನೆ ಮುಟ್ಟಿತ್ತು. ನಡುವಿನವರು ಯಾರೂ ನಿದ್ದೆ ಹೊಡೆದಿರಲಿಲ್ಲ.

ಶುಕ್ರವಾರ ಪಟ್ಟಿ ಹೋಯಿತು, ಆ ಐದು ಹೆಸರುಗಳ ಸಮೇತ. ಉಳಿದ ಹನ್ನೆರಡು ಜನರಿಗೆ ಕರಿಬಸವರಾಜರು ಕೇಳಿದ್ದು ಒಂದು ವಾರ, ಗಿಟ್ಟಿಸಿದ್ದು ಹತ್ತು ದಿನ. ಕೋಶಗಳು ಓಗೊಡದ ಮೂವರ ಬಳಿಗೆ ಅಂಬಿಕಾ ಮೊದಲು ಹೋದಳು. ಅವರಿಗೆ ಬೇರೆ ಚಿಕಿತ್ಸೆಯ ದಾರಿ ಏನೇನಿದೆಯೆಂದು ಡಾಕ್ಟರರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿದಳು. ಅದು ಸುಲಭದ ಬೆಳಗಾಗಿರಲಿಲ್ಲ. ಮೊಗಸಾಲೆಯಲ್ಲಿ ಕಾದು ಕೂತಿದ್ದ ಮೈಲಮ್ಮನ ಬಳಿ ಬಂದಾಗ ಹನ್ನೊಂದು ಗಂಟೆ.

"ಏನಂತು?" ಮೈಲಮ್ಮ ಕೇಳಿದಳು.

"ಮಾತಾಡ್ತು."

ಮೈಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಔಷಧಿ ಕೊಟ್ರೆ ವಾಸಿ ಆಕೈತಾ?"

"ಆಗೇ ಆಗುತ್ತೆ ಅನ್ನಲಾರೆ. ಆಗೋ ದಾರಿ ಐತೆ. ಹೋದ ವಾರ ಅದೂ ಇಲ್ಲ ಅಂತ ಬರೆದಿದ್ದೆ."

"ಸಾಕು ಬಿಡ್ರಿ," ಎಂದಳು ಮೈಲಮ್ಮ. "ಬಿತ್ತಾಕೆ ಮಗಳಿಗೆ ಹೇಳ್ತೀನಿ. ಕೊಯ್ಯಾಕೆ ನಾನೇ ಹೋಗ್ತೀನಿ."

ಪ್ರಯೋಗಾಲಯದ ಗೋಡೆಯ ಮೇಲೆ ಹೊಸ ನಿಯಮದ ಹಾಳೆ ಬಂತು: ರಕ್ತವನ್ನು ಐಸಿನಲ್ಲಿ ಇಡತಕ್ಕದ್ದಲ್ಲ, ಕೋಣೆಯ ಸಹಜ ಉಷ್ಣತೆಯಲ್ಲಿ, ಅಲುಗಾಡದಂತೆ, ನಾಲ್ಕು ಗಂಟೆಯೊಳಗೆ ತಲುಪಿಸತಕ್ಕದ್ದು. ಉಷ್ಣತೆ ಅಳೆಯುವ ಹೊಸ ಪೆಟ್ಟಿಗೆ ಬರುವವರೆಗೆ ಮಂಡಕ್ಕಿಗೆ ಬಾಯಿಮಾತಿನ ಅನುಮತಿ ದೊರೆಯಿತು. ಉಜ್ಜನಪ್ಪನಿಗೆ ಎಚ್ಚರಿಕೆಯ ಪತ್ರವೂ ದೊರೆಯಿತು. ಅವನು ಅದನ್ನು ಸಿಮ್ರಾನಳಿಂದ ಎರಡು ಸಲ ಓದಿಸಿ ಕೇಳಿ, ಮಡಿಸಿ, ಅಂಗಿಯ ಒಳಜೇಬಿಗೆ ಹಾಕಿಕೊಂಡ. ಅವನಿಗೆ ಈಗ ಉಳಿದ ಚಿಂತೆ ಒಂದೇ. ಕ್ಲಿನಿಕ್ಕಿನವರು ಐಸು ಕೊಡುವುದನ್ನು ನಿಲ್ಲಿಸಿದ್ದಾರೆ. ರಶೀದಾ ಮುಖ ತಿರುಗಿಸಿಕೊಂಡು ಕೂತಿದ್ದಾಳೆ.

ಮಾನ್ಯ ವಾಚಕರೇ, ಉಜ್ಜನಪ್ಪನ ಬಾಯಿಂದ ಈ ವೃತ್ತಾಂತ ಕೇಳಿ ಬರೆದುಕೊಂಡ, ಹರಿಹರದ ಬಸ್ ನಿಲ್ದಾಣದ ಎದುರಿನ ಕೋಣೆಯಲ್ಲಿ ಈ ಲೇಖಕನ ವಾಸ್ತವ್ಯ ಇಂದಿಗೆ ಮುಗಿಯಿತು. ಎರಡು ಅಂಗಿ, ಒಂದು ಟವೆಲ್, ಬೆನ್ನು ಹರಿದ ನಾಲ್ಕು ಪತ್ತೇದಾರಿ ಕಾದಂಬರಿಗಳು ಚೀಲ ಸೇರಿವೆ. ದಾರಿಗೆಂದು ಉಜ್ಜನಪ್ಪ ಕೊಟ್ಟ ಮಂಡಕ್ಕಿಯ ಪೊಟ್ಟಣ ಎಲ್ಲಕ್ಕಿಂತ ಮೇಲಿದೆ, ಪುಡಿಯಾಗಬಾರದೆಂದು. ಕಿಟಕಿಯಿಂದ ನೋಡಿದರೆ ದಾವಣಗೆರೆಯ ಬಸ್ಸು ಹೊರಡುವುದರಲ್ಲಿದೆ. ಮುಂದಿನ ಸೀಟಿನಲ್ಲಿ ಉಜ್ಜನಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದು ಕೂತಿದ್ದಾನೆ. ನನ್ನ ಬಸ್ಸು ಇನ್ನೊಂದು ದಿಕ್ಕಿನದು. ಕೋಣೆಯ ಬೀಗದ ಕೈ ಒಪ್ಪಿಸಿ, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿಯುತ್ತಿದ್ದೇನೆ.